ಸೇವ್ ಆಗಿದೆ ಅಂತ ಸುಮ್ಮನಿರಬೇಡಿ

ಗೆಳೆಯರೇ, ಇದು ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ. ಹಳೇ ವಿಡಿಯೋ ಗೇಮ್ ಕ್ಯಾಸೆಟ್ಟಿಗೆ ಹೊಸ ಸೆಲ್ ಹಾಕಿಸಿದ ಕಥೆ. "ಈ ಮನುಷ್ಯನಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ" ಅನ್ನೋರು ಕೊನೆ ತನಕ ಓದಿ, ಆಮೇಲೆ ಬೈಯಿರಿ.

2024ರ ಬೇಸಿಗೆಯಲ್ಲಿ ಬಾಡಿಗೆ ಮನೆ ಬದಲಾಯಿಸುವಾಗ ಅವ್ವನ ಕಬ್ಬಿಣದ ಟ್ರಂಕು ತೆಗೆದೆ. ಒಳಗೆ ಅಪ್ಪನ ಹಳೇ ರೇಷನ್ ಕಾರ್ಡು, ತಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಒಂದು ಗೇಮ್ ಬಾಯ್ ಕಲರ್, ಎರಡು ಕ್ಯಾಸೆಟ್ಟು. ಎಲ್ಲವನ್ನೂ ಅವ್ವ ತನ್ನ ಹಳೇ ಸೀರೆಯ ತುಂಡಲ್ಲಿ ಸುತ್ತಿಟ್ಟಿದ್ದಳು. ತಮ್ಮ ತೀರಿಕೊಂಡು ಹದಿಮೂರು ವರ್ಷ ಆಗಿತ್ತು. 2011ರಲ್ಲಿ ಡೆಂಗಿ ಜ್ವರ ಬಂದು ಹೋದ. ಆಗ ಅವನಿಗೆ ಇಪ್ಪತ್ತೆರಡು. ಅವನ ಫೋಟೋ ನಮ್ಮತ್ರ ಇರೋದು ಒಟ್ಟು ನಾಲ್ಕು. ಅದರಲ್ಲಿ ಎರಡು ಪಾಸ್‌ಪೋರ್ಟ್ ಸೈಜು, ಅರ್ಜಿಗೆ ಅಂಟಿಸಿ ಮಿಕ್ಕಿದ್ದು.

ಈ ಗೇಮು ನಮ್ಮ ಮನೆಗೆ ಬಂದಿದ್ದು ಹೇಗೆ ಅಂತ ಹೇಳಿಬಿಡ್ತೀನಿ. ಅವ್ವ ಒಂದು ಮನೇಲಿ ಪಾತ್ರೆ, ಬಟ್ಟೆ ಕೆಲಸ ಮಾಡ್ತಿದ್ದಳು. ಆ ಮನೆಯವರು ಕೆಲವು ವರ್ಷ ಅಮೆರಿಕದಲ್ಲಿದ್ದು 2002ರಲ್ಲಿ ಬೆಂಗಳೂರಿಗೆ ವಾಪಸ್ ಬಂದವರು. ಅವರ ಹುಡುಗನ ಹತ್ರ ಅಷ್ಟೊತ್ತಿಗೆ ಗೇಮ್ ಬಾಯ್ ಅಡ್ವಾನ್ಸ್ ಅನ್ನೋ ಹೊಸದು ಇತ್ತು. ಹಳೇದನ್ನ ನಮ್ಮ ತಮ್ಮನಿಗೆ ಕೊಡ್ತೀನಿ ಅಂತ ಹಟ ಮಾಡಿ ಕೊಡಿಸಿದ. ಒಳ್ಳೇ ಹುಡುಗ. ಅವರಮ್ಮನೂ ಕೆಟ್ಟವರೇನಲ್ಲ, ಹಾಗಂತ ಅವ್ವ ಇವತ್ತಿಗೂ ಹೇಳ್ತಾಳೆ. ಆದರೆ ಅವ್ವನ ಲೋಟ ಹಿತ್ತಲ ಕಿಟಕಿ ಮೇಲೆ ಬೇರೆ ಇತ್ತು. ಗೇಮು ಪ್ಲಾಸ್ಟಿಕ್ ಕವರಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ಬಂತು. ಕೈಯಿಂದ ಕೈಗೆ ಬರಲಿಲ್ಲ. ಇದನ್ನು ಬರೀಬಾರದು ಅಂದುಕೊಂಡಿದ್ದೆ, ಬರೆದೆ.

ಅದಕ್ಕೆ ಮುಂಚೆ ನಮಗೆ ವಿಡಿಯೋ ಗೇಮ್ ಅಂದ್ರೆ ಟಿವಿ ಗೇಮ್. 90ರ ದಶಕದಲ್ಲಿ ಬೆಳೆದವರಿಗೆ ಗೊತ್ತು. ಜಪಾನಿನ ನಿಂಟೆಂಡೋ ಯಂತ್ರದ ನಕಲು, ಜೊತೆಗೆ ಒಂದರೊಳಗೆ ನೂರಾರು ಆಟ ಇದೆ ಅಂತ ಬರೆದ ಕ್ಯಾಸೆಟ್ಟು. ಕಾರ್ಟ್ರಿಜ್ ಅನ್ನೋ ಪದ ನಮಗೆ ಗೊತ್ತೇ ಇರಲಿಲ್ಲ, ಎಲ್ಲಾ ಕ್ಯಾಸೆಟ್ಟೇ. ನಮ್ಮ ಬೀದಿ ಅಂಗಡೀಲಿ ಗಂಟೆಗೆ ಐದು ರೂಪಾಯಿ. ಮಾರಿಯೋ, ಕಾಂಟ್ರಾ. ಅದರಲ್ಲಿ ಸೇವ್ ಅನ್ನೋದೇ ಇಲ್ಲ. ಎಷ್ಟೇ ದೂರ ಹೋಗಿರಲಿ, ಕರೆಂಟ್ ಹೋದರೆ ಮತ್ತೆ ಮೊದಲಿಂದ. ನಮಗೆ ಅದು ಅನ್ಯಾಯ ಅಂತಲೂ ಅನಿಸ್ತಿರಲಿಲ್ಲ. ಆಟ ಅಂದ್ರೇ ಹಾಗೆ ಅಂದುಕೊಂಡಿದ್ವಿ.

ಆಟವನ್ನು ಎಲ್ಲಿಗೆ ನಿಲ್ಲಿಸಿದ್ದೀವೋ ಅಲ್ಲಿಂದ ಮುಂದುವರಿಸೋದು ಆ ಕಾಲದ ಯಂತ್ರಗಳಿಗೆ ದೊಡ್ಡ ಸಮಸ್ಯೆಯೇ ಆಗಿತ್ತು. ಜಪಾನಿನಲ್ಲಿ 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಅನ್ನೋ ಆಟ ಬಂತು. ಅದರಲ್ಲಿ ಆಟ ನಿಲ್ಲಿಸುವಾಗ ಪರದೆ ಮೇಲೆ 20 ಅಕ್ಷರದ ಒಂದು ಗುಟ್ಟಿನ ಸಾಲು ಬರ್ತಿತ್ತು. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು, ನಾಳೆ ಅದನ್ನೇ ತಪ್ಪಿಲ್ಲದೆ ಒತ್ತಬೇಕು. ಅದರ ಎರಡನೇ ಭಾಗದಲ್ಲಿ ಆ ಸಾಲು 52 ಅಕ್ಷರದವರೆಗೂ ಬೆಳೀತು. ಒಂದು ಅಕ್ಷರ ತಪ್ಪು ಬರೆದುಕೊಂಡಿದ್ದರೂ ಅಷ್ಟು ದಿನದ ಆಟ ಹೋಯ್ತು. ಅದೇ ಮೊದಲ ಭಾಗ 1989ರಲ್ಲಿ ಅಮೆರಿಕಕ್ಕೆ ಹೋದಾಗ ಕ್ಯಾಸೆಟ್ಟಿನೊಳಗೇ ಒಂದು ಬ್ಯಾಟರಿ ಇಟ್ಟರು. ಅದಕ್ಕೆ ಮುಂಚೆಯೇ, 1987ರಲ್ಲಿ, ಅಮೆರಿಕದಲ್ಲಿ ಬಂದ ಚಿನ್ನದ ಬಣ್ಣದ ಝೆಲ್ಡಾ ಕ್ಯಾಸೆಟ್ಟಲ್ಲೂ ಬ್ಯಾಟರಿ ಇತ್ತು. ಆಮೇಲೆ ಅದೇ ಪದ್ಧತಿ ಆಯ್ತು.

ವಿಷಯ ಸರಳ. ಕ್ಯಾಸೆಟ್ಟಲ್ಲಿ ಎರಡು ಥರದ ನೆನಪು ಇರುತ್ತೆ. ಒಂದು ಕಂಪನಿಯವರು ಅಚ್ಚು ಹಾಕಿ ಕಳಿಸಿದ್ದು: ಆಟ, ಚಿತ್ರ, ಸಂಗೀತ. ಅದಕ್ಕೆ ಕರೆಂಟ್ ಬೇಡ, ಅಳಿಸೋಕೂ ಆಗಲ್ಲ. ಇನ್ನೊಂದು ಆಡಿದವನು ಸೇರಿಸಿದ್ದು: ಅವನ ಹೆಸರು, ಎಲ್ಲಿವರೆಗೆ ಹೋಗಿದ್ದಾನೆ, ಏನು ಗೆದ್ದಿದ್ದಾನೆ. ಅದು ಎಸ್‌ರ್‍ಯಾಮ್ ಅನ್ನೋ ಪುಟ್ಟ ಚಿಪ್ಪಲ್ಲಿ ಕೂತಿರುತ್ತೆ. ಈ ಚಿಪ್ಪಿಗೆ ಸದಾ ಒಂದು ಹನಿ ಕರೆಂಟ್ ಬೇಕು. ಆಟ ಆನ್ ಇದ್ದಾಗ ಯಂತ್ರ ಕೊಡುತ್ತೆ. ಆಫ್ ಮಾಡಿದ ತಕ್ಷಣ ಒಳಗಿನ 3 ವೋಲ್ಟಿನ ಬಿಲ್ಲೆ ಸೆಲ್ ಆ ಕೆಲಸ ವಹಿಸಿಕೊಳ್ಳುತ್ತೆ. ನಾವು ಮಲಗಿದ್ದರೂ, ಟ್ರಂಕಲ್ಲಿ ಇಟ್ಟು ಬೀಗ ಹಾಕಿದ್ದರೂ ಅದು ಕೊಡ್ತಾನೇ ಇರುತ್ತೆ. ಸೆಲ್ ಸತ್ತ ದಿನ ಕಂಪನಿಯ ನೆನಪು ಹಾಗೇ ಇರುತ್ತೆ, ಆಡಿದವನದು ಮಾತ್ರ ಹೋಗುತ್ತೆ.

ಆ ಹುಡುಗ ಕೊಟ್ಟಿದ್ದು ಎರಡು ಕ್ಯಾಸೆಟ್ಟು. ಪೋಕೆಮಾನ್ ರೆಡ್, ಪೋಕೆಮಾನ್ ಸಿಲ್ವರ್. ಇವುಗಳಲ್ಲಿ ಒಂದು ಕ್ಯಾಸೆಟ್ಟಿಗೆ ಒಬ್ಬರದೇ ಸೇವ್. ರೆಡ್‌ನಲ್ಲಿ ಆ ಹುಡುಗನ ಹೆಸರಿನ ಆಟ ಹಾಗೇ ಇತ್ತು. ತಮ್ಮ ಹೊಸ ಆಟ ಶುರು ಮಾಡಿ, ಸೇವ್ ಒತ್ತಿದಾಗ ಒಂದು ಪ್ರಶ್ನೆ ಬಂತು. ಹಳೇ ಫೈಲು ಅಳಿಸಿಹೋಗುತ್ತೆ, ಪರವಾಗಿಲ್ವಾ ಅಂತ. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರ್ತಿರಲಿಲ್ಲ, ನನ್ನ ಕರೆದ. ನಾನು ಓದಿ ಹೇಳಿದೆ. ಅವನು ಕೈ ಹಿಂದೆ ತಗೊಂಡ.

"ಅಣ್ಣ, ಅವರದ್ದನ್ನ ನಾನು ಅಳಿಸಬಹುದಾ?"

ಹದಿಮೂರು ವರ್ಷದ ಹುಡುಗ. ಆಟದ ಸಾಮಾನಿಗೂ ಆ ಪ್ರಶ್ನೆ. ಅವ್ವ ಮಾರನೇ ದಿನ ಆ ಹುಡುಗನ್ನ ಕೇಳಿಕೊಂಡು ಬಂದಳು. "ಅಳಿಸ್ಕೊಳ್ಳಿ ಆಂಟಿ, ನಾನೇನು ಆಡ್ತೀನಾ" ಅಂದನಂತೆ. ಅಲ್ಲಿವರೆಗೆ ಇಡೀ ರಾತ್ರಿ ಗೇಮು ಆಫ್ ಮಾಡದೆ, ಸೇವೂ ಮಾಡದೆ, ಪೆನ್ಸಿಲ್ ಸೆಲ್ ಖಾಲಿ ಮಾಡಿದ್ದ.

ಆ ಆಟದಲ್ಲಿ ಶುರುವಿಗೇ ಎರಡು ಹೆಸರು ಕೊಡಬೇಕು. ನಿನ್ನ ಹೆಸರು, ನಿನ್ನ ಎದುರಾಳಿ ಹುಡುಗನ ಹೆಸರು. ತನಗೆ ಇಂಗ್ಲಿಷ್ ಅಕ್ಷರದಲ್ಲಿ "ಭೀಮ್" ಅಂತ ಇಟ್ಟುಕೊಂಡ. ಎದುರಾಳಿಗೆ "ಅಣ್ಣ" ಅಂತ ಇಟ್ಟ. ಆ ಆಟದಲ್ಲಿ ಎದುರಾಳಿ ಯಾವಾಗಲೂ ಒಂದು ಹೆಜ್ಜೆ ಮುಂದೆ ಇರ್ತಾನೆ. ನೀನು ಹೋಗೋ ಊರಿಗೆಲ್ಲ ಅವನು ಮೊದಲೇ ಹೋಗಿರ್ತಾನೆ. ಕೊನೇ ಹೋರಾಟವೂ ಅವನ ಜೊತೆಗೇ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನಾನು ಬಿ.ಎ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕ್ತಾ ಓಡಾಡ್ತಿದ್ದೆ. ಅವನ ಆಟ ಕೂತು ನೋಡೋ ತಾಳ್ಮೆ ಇರಲಿಲ್ಲ. "ಪುಸ್ತಕ ಹಿಡಿಯೋ" ಅಂತ ಬೈದಿದ್ದೇ ಜಾಸ್ತಿ.

ಈಗ ನಾನು ಮಾಡಿದ ತಪ್ಪು ಹೇಳ್ತೀನಿ.

2016ರಲ್ಲಿ ಒಮ್ಮೆ ಅವ್ವ ಟ್ರಂಕು ತೆಗೆದಾಗ ಈ ಗೇಮು ಕಂಡಿತ್ತು. ಎರಡು ಪೆನ್ಸಿಲ್ ಸೆಲ್ ತಂದು ಹಾಕಿದೆ. ಆನ್ ಆಯ್ತು. ಎರಡೂ ಕ್ಯಾಸೆಟ್ಟಲ್ಲಿ "ಮುಂದುವರಿಸು" ಅನ್ನೋ ಸಾಲು ಬಂತು. ಅದನ್ನು ಒತ್ತಿದರೆ ಒಂದು ಚಿಕ್ಕ ಚೌಕ ಬರುತ್ತೆ: ಆಡುವವನ ಹೆಸರು, ಎಷ್ಟು ಬ್ಯಾಡ್ಜ್ ಗೆದ್ದ, ಎಷ್ಟು ಪ್ರಾಣಿ ಹಿಡಿದ, ಎಷ್ಟು ಗಂಟೆ ಆಡಿದ. ಸಿಲ್ವರ್‌ನಲ್ಲಿ ನೂರು ಗಂಟೆ ಮೇಲೆ ಇತ್ತು. ಅದು ಅವನಿಗೆ ತುಂಬಾ ಇಷ್ಟದ್ದು. ಅದರಲ್ಲಿ ಗಡಿಯಾರ ಇದೆ. ಹೊರಗೆ ರಾತ್ರಿ ಆದರೆ ಆಟದ ಒಳಗೂ ರಾತ್ರಿ ಆಗುತ್ತೆ. ಸ್ವಲ್ಪ ಹೊತ್ತು ನೋಡಿದೆ. "ಇದೆಯಲ್ಲ, ಎಲ್ಲಿಗೆ ಹೋಗುತ್ತೆ" ಅಂದುಕೊಂಡು ಆಫ್ ಮಾಡಿ, ಮತ್ತೆ ಸೀರೆ ತುಂಡಲ್ಲಿ ಸುತ್ತಿ ಇಟ್ಟೆ. ಒಂದು ಫೋಟೋ ಕೂಡ ತೆಗೀಲಿಲ್ಲ. ಜೇಬಲ್ಲಿ ಮೊಬೈಲ್ ಇತ್ತು.

2024ರಲ್ಲಿ ಮತ್ತೆ ಆನ್ ಮಾಡಿದೆ. ರೆಡ್ ಹಾಕಿದೆ, "ಮುಂದುವರಿಸು" ಬಂತು. ಸಿಲ್ವರ್ ಹಾಕಿದೆ. "ಹೊಸ ಆಟ" ಅಂತ ಮಾತ್ರ ಬಂತು.

ಕ್ಯಾಸೆಟ್ಟಿನ ಬಾಯಿ ಒರೆಸಿ ಹಾಕಿದೆ, ಊದಿ ಹಾಕಿದೆ. ಊದಬಾರದು, ಉಸಿರಿನ ತೇವ ತಗುಲಿ ತಾಮ್ರದ ಪಟ್ಟಿ ಹಾಳಾಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಹತ್ತು ಸಲ ಹಾಕಿದರೂ ಅದೇ. ಹೊಸ ಆಟ.

ನಮ್ಮ ಸಂಘಟನೆಯ ಒಬ್ಬ ಹುಡುಗ ಇದಾನೆ. ಐಟಿಐ ಎಲೆಕ್ಟ್ರಾನಿಕ್ಸ್ ಓದಿದವನು. ಎಸ್.ಪಿ. ರೋಡ್ ಕಡೆ ಮೊಬೈಲ್ ರಿಪೇರಿ ಮಾಡ್ತಾನೆ. ಎರಡೂ ಕ್ಯಾಸೆಟ್ಟು ಹಿಡಿದು ಅವನ ಹತ್ರ ಹೋದೆ. ಅಣ್ಣ, ಇದು ಮುಟ್ಟಿಲ್ಲ, ಆದರೆ ಓದ್ಕೊಂಡು ಮಾಡ್ತೀನಿ ಅಂದ. ಒಂದು ವಾರ ತಗೊಂಡ. ಆಮೇಲೆ ಒಂದು ಭಾನುವಾರ ಅಂಗಡಿ ಅರ್ಧ ಬಾಗಿಲು ಹಾಕಿ, ಇಬ್ಬರೂ ಕೂತ್ವಿ.

ಈ ಕ್ಯಾಸೆಟ್ಟಿಗೆ ಹಿಂದೆ ಒಂದೇ ಒಂದು ಸ್ಕ್ರೂ. ಆದರೆ ನಮ್ಮ ಮಾಮೂಲಿ ಸ್ಕ್ರೂಡ್ರೈವರ್ ಹತ್ತಲ್ಲ. ಯಾರೂ ಬಿಚ್ಚಬಾರದು ಅಂತಲೇ ಬೇರೆ ಥರದ ತಲೆ ಮಾಡಿದಾರೆ. 3.8 ಮಿ.ಮೀ.ನ ವಿಶೇಷ ಬಿಟ್ ಬೇಕು. ಅದನ್ನು ತರಿಸಿದ್ದ. ಬಿಚ್ಚಿದರೆ ಒಳಗೆ ಅಂಗೈಗಿಂತ ಚಿಕ್ಕ ಹಸಿರು ಬೋರ್ಡು, ಕೆಲವು ಚಿಪ್ಪು, ಒಂದು ಬಿಲ್ಲೆ ಸೆಲ್.

ಮೊದಲು ಸಿಲ್ವರ್. ಮೀಟರ್ ಹಿಡಿದ. 3 ವೋಲ್ಟ್ ಇರಬೇಕಾದ ಕಡೆ 1 ಕೂಡ ಇರಲಿಲ್ಲ. ಈ ಚಿಪ್ಪುಗಳು ನೆನಪು ಹಿಡ್ಕೊಳ್ಳೋಕೆ ಸುಮಾರು 2 ವೋಲ್ಟ್ ಆದರೂ ಬೇಕು.

"ಕಂಪ್ಯೂಟರಲ್ಲಿ ಡಿಲೀಟ್ ಆದ ಫೈಲ್ ವಾಪಸ್ ತರ್ತಾರಲ್ಲ, ಹಂಗೆ ಆಗಲ್ವೇನಪ್ಪ?"

"ಆಗಲ್ಲಣ್ಣ. ಹಾರ್ಡ್ ಡಿಸ್ಕಲ್ಲಿ ಅಳಿಸಿದ್ರೂ ಗುರುತು ಇರುತ್ತೆ. ಇದ್ರಲ್ಲಿ ಕರೆಂಟ್ ಹೋದ್ರೆ ಮುಗೀತು. ಹುಡುಕಕ್ಕೆ ಏನೂ ಉಳಿಯಲ್ಲ."

ಯಾಕೆ ಹಳೇ ರೆಡ್ ಉಳೀತು, ಅದಕ್ಕಿಂತ ಹೊಸ ಸಿಲ್ವರ್ ಹೋಯ್ತು ಅಂತ ಕೇಳಿದೆ. ಗಡಿಯಾರದಿಂದ. ರೆಡ್‌ನ ಸೆಲ್ ಬರೀ ನೆನಪು ಕಾಯ್ತಾ ಕೂತಿರುತ್ತೆ. ಸಿಲ್ವರ್‌ನ ಸೆಲ್ ನೆನಪನ್ನೂ ಕಾಯಬೇಕು, ಹಗಲು ರಾತ್ರಿ ಗಡಿಯಾರವನ್ನೂ ಓಡಿಸಬೇಕು. ಎರಡು ಕೆಲಸ. ಬೇಗ ಸೋತಿತು.

ಒಂದು ಲೆಕ್ಕ ಹಾಕಿ ತೋರಿಸಿದ. ಸಿಆರ್ 2025 ಅನ್ನೋ ಸೆಲ್ಲಲ್ಲಿ ಸುಮಾರು 160 ಮಿಲಿಆಂಪಿಯರ್-ಅವರ್ ಶಕ್ತಿ ಇರುತ್ತೆ. (20 ಅಂದ್ರೆ 20 ಮಿ.ಮೀ. ಅಗಲ, 25 ಅಂದ್ರೆ 2.5 ಮಿ.ಮೀ. ದಪ್ಪ. ಸೆಲ್ಲಿನ ನಂಬರಿನ ಅರ್ಥ ಅಷ್ಟೇ.) ಚಿಪ್ಪು ಒಂದೇ ಒಂದು ಮೈಕ್ರೋಆಂಪಿಯರ್ ಎಳೆದರೆ 1,60,000 ಗಂಟೆ ಬರುತ್ತೆ. ಅಂದ್ರೆ ಹದಿನೆಂಟು ವರ್ಷ. ಕಡಿಮೆ ಎಳೆದರೆ ಇನ್ನೂ ಜಾಸ್ತಿ, ಜಾಸ್ತಿ ಎಳೆದರೆ ಕಡಿಮೆ. ಈ ಕ್ಯಾಸೆಟ್ಟು ಮಾಡಿದವರಿಗೆ ಇದು ಗೊತ್ತಿತ್ತು. ಇಷ್ಟು ವರ್ಷ ಆದಮೇಲೆ ಯಾರಾದರೂ ಇದನ್ನು ಹುಡುಕಿಕೊಂಡು ಬರ್ತಾರೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೆ ರೆಡ್ ಬಿಚ್ಚಿದ. ಮೀಟರಲ್ಲಿ 2.5ರ ಆಸುಪಾಸು ಬಂತು. ಅವನ ಮುಖ ಸ್ವಲ್ಪ ಬದಲಾಯ್ತು. "ಈ ಸೆಲ್ಲುಗಳು ತುಂಬಾ ವರ್ಷ ಮೂರರ ಹತ್ರಾನೇ ಇರ್ತವೆ ಅಣ್ಣ. ಕೊನೇಲಿ ಇಳಿಯೋಕೆ ಶುರುವಾದ್ರೆ ದಡದಡ ಇಳೀತವೆ. ಇದು ಇಳಿಯೋಕೆ ಶುರು ಮಾಡಿದೆ."

ಇನ್ನು ಮುಂದಿನದು ಯಾರಿಗಾದರೂ ಉಪಯೋಗ ಆಗಬಹುದು, ಅದಕ್ಕೆ ಬಿಡಿಸಿ ಬರೀತೀನಿ.

ಹೆಚ್ಚಿನವರು ಮಾಡೋ ತಪ್ಪು ಏನಂದ್ರೆ, ಸೆಲ್ ಹಳೇದಾಗಿದೆ ಅಂತ ಗೊತ್ತಾದ ತಕ್ಷಣ ಅದನ್ನು ಕಿತ್ತು ಹೊಸದು ಹಾಕಿಬಿಡೋದು. ಕಿತ್ತ ಕ್ಷಣಕ್ಕೇ ಒಳಗಿದ್ದದ್ದು ಹೋಗುತ್ತೆ. ರಿಪೇರಿ ಮಾಡಿದವನೇ ಅಳಿಸಿದ ಹಾಗೆ. ಹಾಗಾಗಿ ಮೊದಲು ನಕಲು, ಆಮೇಲೆ ರಿಪೇರಿ.

ಗೇಮ್ ಬಾಯ್ ಕ್ಯಾಸೆಟ್ಟನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಓದಿಸೋ ಚಿಕ್ಕ ಯಂತ್ರಗಳು ಸಿಗ್ತವೆ. ಅದನ್ನೂ ತರಿಸಿದ್ದ. ಕ್ಯಾಸೆಟ್ಟು ಅದರಲ್ಲಿ ಕೂರಿಸಿ ಸೇವ್ ಫೈಲನ್ನು ಓದಿಸಿದ. ಎರಡು ಸಲ ಓದಿಸಿ ಎರಡನ್ನೂ ಹೋಲಿಸಿದ, ಒಂದೇ ಥರ ಇದೆಯಾ ಅಂತ. ಇತ್ತು. ಫೈಲಿನ ಗಾತ್ರ 32 ಕೆಬಿ. ನಾವು ವಾಟ್ಸಾಪಲ್ಲಿ ಬೆಳಿಗ್ಗೆ ಎದ್ದು ಕಳಿಸೋ ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ದೊಡ್ಡದಿರುತ್ತೆ. ಅಷ್ಟರಲ್ಲಿ ನನ್ನ ತಮ್ಮನ ಎರಡು ವರ್ಷದ ಸಂಜೆಗಳು ಇದ್ದವು.

ಫೈಲನ್ನು ಕಂಪ್ಯೂಟರಲ್ಲಿ, ಪೆನ್ ಡ್ರೈವಲ್ಲಿ, ನನ್ನ ಇಮೇಲಲ್ಲಿ, ಮೂರು ಕಡೆ ಇಟ್ಟ ಮೇಲೆಯೇ ಸಾಲ್ಡರಿಂಗ್ ಕಡ್ಡಿ ಬಿಸಿ ಮಾಡಿದ್ದು.

ಹಳೇ ಸೆಲ್ಲಿಗೆ ಎರಡು ಲೋಹದ ಪಟ್ಟಿ ಬೆಸೆದಿರುತ್ತೆ, ಆ ಪಟ್ಟಿ ಬೋರ್ಡಿಗೆ ಅಂಟಿರುತ್ತೆ. ಹೊಸ ಸೆಲ್ ತರುವಾಗಲೂ ಪಟ್ಟಿ ಇರೋದನ್ನೇ ತರಬೇಕು. ಬರೀ ಸೆಲ್ ತಂದು ಅದರ ಮೈಗೇ ಸಾಲ್ಡರ್ ಹಿಡಿಯಬಾರದು. ಲಿಥಿಯಂ ಸೆಲ್, ಬಿಸಿ ತಡೆಯಲ್ಲ, ಸೋರಬಹುದು, ಸಿಡಿಯಲೂಬಹುದು. ಟೇಪ್ ಹಾಕಿ ಒತ್ತಿ ಕೂರಿಸೋರೂ ಇದಾರೆ. ಆಡುವಾಗ ಒಂದು ಸಲ ಕೆಳಗೆ ಬಿದ್ದರೆ ಸಾಕು, ಸೆಲ್ ಅಲುಗಿ ಎಲ್ಲಾ ಹೋಗುತ್ತೆ. ಪ್ಲಸ್ಸು ಮೈನಸ್ಸು ಬೋರ್ಡಿನ ಮೇಲೇ ಬರೆದಿರುತ್ತೆ, ನೋಡ್ಕೋಬೇಕು. ಯಾವ ನಂಬರಿನ ಸೆಲ್ ಅಂತ ಬಿಚ್ಚಿ ನೋಡಿಯೇ ತರಬೇಕು. ಕೆಲವಕ್ಕೆ 2025, ಕೆಲವಕ್ಕೆ 1616.

ಅವನು ಕಡ್ಡಿ ಹಿಡಿದ ರೀತಿ ನೋಡ್ತಾ ಕೂತಿದ್ದೆ. ಅಪ್ಪ ಚಪ್ಪಲಿ ಹೊಲಿಯುವಾಗ ಉಳಿ ಹಿಡೀತಿದ್ದದ್ದು ಹಾಗೇ. ಉಸಿರು ಬಿಗಿ ಹಿಡಿದು, ಎಲ್ಲಿ ಬೇಕೋ ಅಲ್ಲಿಗೆ ಮಾತ್ರ. ಕೆಟ್ಟದ್ದನ್ನ ಎಸೆಯೋಕೆ ಮುಂಚೆ ಎಲ್ಲಿ ಕಿತ್ತಿದೆ ಅಂತ ನೋಡೋ ಬುದ್ಧಿ ನಮ್ಮ ಕೇರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಳೇ ಸೆಲ್ ಬಿಟ್ಟುಕೊಂಡಾಗ ಇಬ್ಬರೂ ಮಾತಾಡಲಿಲ್ಲ. ಈಗ ಆ ಚಿಪ್ಪಲ್ಲಿ ಏನೂ ಇಲ್ಲ. ಹೊಸ ಸೆಲ್ ಕೂರಿಸಿದ. ಮೀಟರ್ ಹಿಡಿದ, 3ರ ಮೇಲೆ ಇತ್ತು. ಕ್ಯಾಸೆಟ್ಟನ್ನು ಮತ್ತೆ ಯಂತ್ರಕ್ಕೆ ಹಾಕಿ, ಆ 32 ಕೆಬಿಯನ್ನು ವಾಪಸ್ ಬರೆದ. ಗೇಮ್ ಬಾಯಿಗೆ ಹಾಕಿ ಆನ್ ಮಾಡಿ ನನ್ನ ಕೈಗೆ ಕೊಟ್ಟ.

"ಮುಂದುವರಿಸು." ಒತ್ತಿದೆ. ಭೀಮ್. ಬ್ಯಾಡ್ಜ್ 8. ಎಂಟಕ್ಕೆ ಎಂಟೂ ಗೆದ್ದಿದಾನೆ. 87 ಗಂಟೆ.

ಅವನು ಸೇವ್ ಮಾಡಿ ನಿಂತಿರೋದು ಕೊನೇ ಹೋರಾಟಗಳು ನಡೆಯೋ ಕಟ್ಟಡದ ಒಳಗೆ, ಬಾಗಿಲ ಹತ್ರ. ಒಳಗೆ ಹೋದರೆ ಮೊದಲು ನಾಲ್ಕು ಜನ. ಅವರನ್ನು ಗೆದ್ದರೆ ಕೊನೆಗೆ "ಅಣ್ಣ". ಹೋಗಿ ಸೋತು ಬಂದಿದ್ದನೋ, ಹೋಗೇ ಇರಲಿಲ್ಲವೋ ಗೊತ್ತಿಲ್ಲ. ಕೇಳೋಕೆ ಯಾರಿದಾರೆ.

ಅವ್ವನಿಗೆ ತೋರಿಸಿದೆ. ಅವಳಿಗೆ ಓದೋಕೆ ಬರಲ್ಲ. "ಇದು ಅವನ ಹೆಸ್ರು, ಭೀಮ್ ಅಂತ ಇಟ್ಕೊಂಡಿದಾನೆ, ಇದು ನಾನು" ಅಂತ ಹೇಳಿದೆ. ಬಹಳ ಹೊತ್ತು ನೋಡಿದಳು. "ಆ ಇನ್ನೊಂದು?" ಅಂತ ಕೇಳಿದಳು. ಸಿಲ್ವರ್ ಬಗ್ಗೆ. ಅದು ಹೋಯ್ತು ಅವ್ವ ಅಂದೆ. "ಅವತ್ತು ಇತ್ತಲ್ಲಪ್ಪ, ನೀನೇ ತೋರಿಸಿದ್ದೆ" ಅಂದಳು. ಬೈಗುಳ ಅಲ್ಲ ಅದು. ಇತ್ತಲ್ಲ ಅಂತ ಅಷ್ಟೇ.

ಇತ್ತು. ಎಂಟು ವರ್ಷ ಟೈಮ್ ಇತ್ತು. ಇದೆಯಲ್ಲ ಅಂತ ಸುಮ್ಮನಿದ್ದೆ.

ಈಗ ನನ್ನ ಟೇಬಲ್ಲಿನ ವಿಷಯಕ್ಕೆ ಬರ್ತೀನಿ. ನಾನು ಗುಮಾಸ್ತ. ನನ್ನ ಕಚೇರಿ ಯಾವುದು ಅನ್ನೋದು ಬೇಡ, ಎಲ್ಲಾ ಕಡೆ ಇದೇ ಕಥೆ. ವಾರಕ್ಕೆ ಒಬ್ಬರಾದರೂ ನಮ್ಮ ಜನ ಬರ್ತಾರೆ. ತಾತನಿಗೆ ಸರ್ಕಾರ ಜಮೀನು ಮಂಜೂರು ಮಾಡಿತ್ತು, ಯಾರೋ ಬರೆಸ್ಕೊಂಡು ಬಿಟ್ರು, ಕೇಸ್ ಹಾಕಬೇಕು, ಕಾಗದ ಬೇಕು ಅಂತ. 1978ರ ಪಿಟಿಸಿಎಲ್ ಕಾಯ್ದೆ ಇದೆ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಷರತ್ತು ಮೀರಿ ಕೊಂಡಿದ್ದರೆ ಆ ಮಾರಾಟ ಅಸಿಂಧು, ಭೂಮಿ ವಾಪಸ್ ಬರಬೇಕು. ಆದರೆ ಅದು ಮಂಜೂರಾದ ಭೂಮಿ ಅಂತ ಮೊದಲು ತೋರಿಸಬೇಕಲ್ಲ. ಮಂಜೂರಾತಿ ಆದೇಶ ಬೇಕು, ಸಾಗುವಳಿ ಚೀಟಿ ಬೇಕು. ಮನೇಲಿದ್ದದ್ದು ಗೆದ್ದಲು ತಿಂದಿದೆ, ಇಲ್ಲಾ ಸೋರೋ ಗುಡಿಸಲಲ್ಲಿ ನೆನೆದಿದೆ. ರೆಕಾರ್ಡ್ ರೂಮಿಂದ ಎರಡು ಪದದ ಉತ್ತರ ಬರುತ್ತೆ: "ಕಡತ ಲಭ್ಯವಿಲ್ಲ."

ಆ ಭಾನುವಾರ ಸಿಲ್ವರ್ ಕ್ಯಾಸೆಟ್ಟು "ಹೊಸ ಆಟ" ಅಂತ ತೋರಿಸಿದಾಗ ನನಗೆ ನೆನಪಾದದ್ದು ಅದೇ ಎರಡು ಪದ. ಕಾನೂನು ಹಾಗೇ ಇದೆ, ಅಚ್ಚಾಗಿದೆ, ಅಳಿಸಲ್ಲ. ನಮ್ಮ ಹೆಸರು ಇದ್ದ ಭಾಗ ಮಾತ್ರ ಇಲ್ಲ.

ಬೇರೆಯವರದು ಬಿಡಿ. ನಮ್ಮ ತಾತನಿಗೂ ಊರಲ್ಲಿ ಎರಡು ಎಕರೆ ಮಂಜೂರಾಗಿತ್ತು. ಅಪ್ಪನಿಗೆ ಸರ್ವೆ ನಂಬರು ಬಾಯಿಪಾಠ. ಮಂಜೂರಾದ ವರ್ಷ, ಯಾವ ಕಡೆ ಯಾರ ಹೊಲ, ಯಾವ ಮರದ ಹತ್ರ ಕಲ್ಲು, ಎಲ್ಲಾ ಹೇಳ್ತಿದ್ದ. ಊಟಕ್ಕೆ ಕೂತಾಗಲೆಲ್ಲ ಹೇಳ್ತಿದ್ದ. ಅದೆಷ್ಟು ಸಲ ಕೇಳಿದ್ದೆ ಅಂದ್ರೆ, ಮತ್ತೆ ಶುರು ಮಾಡಿದ ಅಂತ ಎದ್ದು ಹೋಗ್ತಿದ್ದೆ. 2006ರಲ್ಲಿ ಅಪ್ಪ ಹೋದ. ಈಗ ಅವ್ವನ್ನ ಕೇಳಿದ್ರೆ "ನಲವತ್ತೇಳೋ ನಲವತ್ತೆಂಟೋ ಕಣಪ್ಪ, ಮುಂದಕ್ಕೆ ಒಂದು ಗೀಟು ಹಾಕಿ ಇನ್ನೊಂದು ನಂಬರು" ಅಂತಾಳೆ. ದಿನಾ ಹತ್ತು ಜನರ ಸರ್ವೆ ನಂಬರು ಬರೆಯೋ ಗುಮಾಸ್ತ ನಾನು. ನಮ್ಮಪ್ಪನದು ಬರೆದುಕೊಳ್ಳಲಿಲ್ಲ.

ಜಪಾನಿನ ಆ ಮಕ್ಕಳು ಇಪ್ಪತ್ತು ಅಕ್ಷರ ಬರೆದುಕೊಳ್ತಿದ್ರು ಅಂದೆನಲ್ಲ, ಒಂದು ತಪ್ಪಿದರೆ ಎಲ್ಲಾ ಹೋಗುತ್ತೆ ಅಂತ. ನಾನು ಒಂದು ಅಕ್ಷರವನ್ನೂ ಬರೆದಿರಲಿಲ್ಲ.

ಇಷ್ಟು ಹೇಳಿ ಅಳ್ತಾ ಕೂರೋಕೆ ಈ ಪೋಸ್ಟ್ ಬರೀಲಿಲ್ಲ. ರೆಡ್ ಕ್ಯಾಸೆಟ್ಟು ಉಳಿದಿದೆ. ಹೇಗೆ ಉಳೀತು ಅನ್ನೋದು ಮುಖ್ಯ. ಸೆಲ್ ಇನ್ನೂ ಪೂರ್ತಿ ಸತ್ತಿರಲಿಲ್ಲ, ಅದಕ್ಕೆ ಮುಂಚೆ ನಕಲು ಮಾಡಿದ್ವಿ, ಅಷ್ಟೇ. ಅದಕ್ಕೇ ಕೇಳ್ಕೊಳ್ತೀನಿ:

ಮನೇಲಿ ಹಿರಿಯರಿದ್ದರೆ ಈ ವಾರವೇ ಮೊಬೈಲ್ ಆನ್ ಮಾಡಿ ಮುಂದೆ ಇಡಿ. ಜಮೀನು, ಊರು, ಕೇರಿ, ಯಾರು ಯಾವತ್ತು ಯಾವ ಬಾವಿ ಮುಟ್ಟಿದ್ದಕ್ಕೆ ಹೊಡೆದ್ರು, ಯಾವ ಜಾಥಾಕ್ಕೆ ಹೋಗಿದ್ರು, ಎಲ್ಲಾ ಹೇಳಿಸಿ. ನೂರು ಸಲ ಕೇಳಿದ್ದರೂ ಪರವಾಗಿಲ್ಲ. ಕೇಳಿದ್ದು ಬೇರೆ, ಇಟ್ಟುಕೊಂಡದ್ದು ಬೇರೆ.

ಸಾಗುವಳಿ ಚೀಟಿ, ಮಂಜೂರಾತಿ ಆದೇಶ ಮನೇಲಿದ್ದರೆ ಇವತ್ತೇ ಫೋಟೋ ತೆಗೆದು ಮೂರು ಕಡೆ ಇಡಿ. ಕಚೇರಿಯಿಂದ ದೃಢೀಕೃತ ನಕಲು ತಗೊಳ್ಳಿ. ಕಡತ ಇದೆ ಅಂತ ಗೊತ್ತಿದ್ದರೂ ತಗೊಳ್ಳಿ. ಇದೆ ಅನ್ನೋದು ಇವತ್ತಿನ ಮಾತು.

ಮೂಲ ಆದೇಶ ಸಿಗದಿದ್ದರೆ ಅಲ್ಲಿಗೇ ಬಿಡಬೇಡಿ. ದರಖಾಸ್ತು ರಿಜಿಸ್ಟರ್, ಸಾಗುವಳಿ ಚೀಟಿ ವಿತರಣೆ ರಿಜಿಸ್ಟರ್, ಹಳೇ ಪಹಣಿ, ಮ್ಯುಟೇಷನ್ ರಿಜಿಸ್ಟರ್, ಇವುಗಳಲ್ಲಿ ಎಲ್ಲಾದರೂ ಒಂದು ಸಾಲು ಇರಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಲಿಖಿತದಲ್ಲಿ ಕೇಳಿ. ಬಾಯಲ್ಲಿ "ಇಲ್ಲ ಹೋಗ್ರಿ" ಅಂದ್ರೆ ವಾಪಸ್ ಬರಬೇಡಿ. "ಇಲ್ಲ" ಅನ್ನೋದಕ್ಕೂ ಹಿಂಬರಹ ಬರೆಸಿಕೊಳ್ಳಿ.

ನಾನೂ ಅರ್ಜಿ ಹಾಕಿದೀನಿ, ನಮ್ಮ ತಾಲ್ಲೂಕಿನ ದರಖಾಸ್ತು ರಿಜಿಸ್ಟರಿನ ನಕಲಿಗೆ. ನಲವತ್ತೇಳೂ ನಲವತ್ತೆಂಟೂ ಎರಡೂ ಬರೆದು. ಉತ್ತರ ಇನ್ನೂ ಬಂದಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. 2002ರಲ್ಲಿ ಬಂದ ಪೋಕೆಮಾನ್ ರೂಬಿ, ಸಫೈರ್ ಕ್ಯಾಸೆಟ್ಟುಗಳಲ್ಲಿ ಸೆಲ್ ಸತ್ತರೂ ಸೇವ್ ಹೋಗಲ್ಲವಂತೆ. ಗಡಿಯಾರ ಮಾತ್ರ ನಿಲ್ಲುತ್ತೆ. ನೆನಪನ್ನು ಕರೆಂಟ್ ಬೇಡದ ಚಿಪ್ಪಿಗೆ ಬದಲಾಯಿಸಿದರು. ಹಳೇ ಬೋರ್ಡಿಗೂ ಅಂಥ ಚಿಪ್ಪು ಕೂರಿಸೋರು ಇದಾರೆ, ಆಮೇಲೆ ಸೆಲ್ಲಿನ ಹಂಗೇ ಇರಲ್ಲ ಅಂತ ನಮ್ಮ ಹುಡುಗ ಹೇಳಿದ. ನಾನು ಸೆಲ್ಲೇ ಸಾಕು ಅಂದೆ. ಇನ್ನು ಹದಿನೈದು ವರ್ಷಕ್ಕೆ ಮತ್ತೆ ಯಾರಾದರೂ ಬಿಚ್ಚಿ ನೋಡಲಿ. ನಾನಿಲ್ಲದಿದ್ದರೆ ನನ್ನ ಮಗಳು.

ಅವಳಿಗೆ ಈಗ ಹದಿಮೂರು. ಅವತ್ತು ಗೇಮ್ ಕೈಗೆ ತಗೊಂಡು "ಅಪ್ಪಾ, ಆಡಬಹುದಾ?" ಅಂದಳು. ಬೇಡ ಅನ್ನೋಕೆ ಬಾಯಿ ತೆಗೆದೆ. ಇದು ಚಿಕ್ಕಪ್ಪ ನಿಂತ ಜಾಗ, ಅಲುಗಿಸಬಾರದು ಅಂತ. ಆಮೇಲೆ ನೆನಪಾಯ್ತು, ನಕಲು ಮೂರು ಕಡೆ ಇದೆ. ಅವಳು ಆಡಿ ಸೇವ್ ಮಾಡಿದರೂ ಅವನು ನಿಂತ ಜಾಗ ಅಲ್ಲೇ ಇರುತ್ತೆ. ನಕಲು ಮಾಡೋದು ಬೀಗ ಹಾಕಿ ಇಡೋಕಲ್ಲ, ಧೈರ್ಯವಾಗಿ ಮುಂದಕ್ಕೆ ಹೋಗೋಕೆ.

ಆಡು ಅಂದೆ. ನಾಲ್ಕು ಜನರನ್ನ ಹೇಗೋ ದಾಟಿದಳು. ಕೊನೆಗೆ "ಅಣ್ಣ" ಬಂದ. ಸೋತಳು.

"ಅಪ್ಪಾ, ನೀನು ತುಂಬಾ ಕಷ್ಟ" ಅಂದಳು. ನಾಳೆ ಮತ್ತೆ ಆಡ್ತಾಳಂತೆ.

ಜೈ ಭೀಮ್.